ನಾಯ್ಸ್ ಸಂಗೀತವನ್ನು ಕ್ಯಾಸೆಟ್‌ಗೆ ಇಳಿಸುವ ಕ್ರಮ: ಮೂವತ್ತು ಪ್ರತಿಗಳ ಮನೆ ಬಿಡುಗಡೆಗೆ ಸಮಗ್ರ ಮಾರ್ಗದರ್ಶಿ

ರಾಗ, ತಾಳಗಳ ಬದಲು ಕರ್ಕಶ ಸದ್ದನ್ನೇ ಸಂಗೀತವಾಗಿಸುವ ನಾಯ್ಸ್ ಪ್ರಕಾರದ ಕ್ಯಾಸೆಟ್ಟನ್ನು ಮನೆಯಲ್ಲಿ ಕುಳಿತು ಮಾಡಲು ಹೊರಟವರ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಕಂಪ್ಯೂಟರಿನಲ್ಲಿ ಕಿವಿ ಸೀಳುವಂತಿದ್ದ ಸದ್ದು ಕ್ಯಾಸೆಟ್‌ಗೆ ಇಳಿದ ಮೇಲೆ ಕಂಬಳಿಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ರೆಕಾರ್ಡಿಂಗ್ ಲೆವೆಲ್ ಏರಿಸಿದಷ್ಟೂ ಅದು ಜೋರಾಗುವ ಬದಲು ಇನ್ನಷ್ಟು ಮಂಕಾಗುತ್ತದೆ. ಡೆಕ್, ಅಂದರೆ ಕ್ಯಾಸೆಟ್ ರೆಕಾರ್ಡ್ ಮಾಡುವ ಯಂತ್ರ, ಕೆಟ್ಟಿದೆಯೆಂದು ಇನ್ನೊಂದು ಡೆಕ್ ಕೊಳ್ಳುತ್ತಾರೆ, ಟೇಪು ಕಳಪೆಯೆಂದು ಬೇರೆ ಟೇಪು ತರಿಸುತ್ತಾರೆ, ಫಲ ಮಾತ್ರ ಅದೇ. ತಪ್ಪು ಸಾಮಾನ್ಯವಾಗಿ ಯಂತ್ರದಲ್ಲಿರುವುದಿಲ್ಲ. ಹಾಡಿಗೆಂದು ರೂಪಿಸಿದ ಯಂತ್ರಕ್ಕೆ ಹಾಡಲ್ಲದ್ದನ್ನು ಹಾಡಿನ ಅಳತೆಯಲ್ಲೇ ಉಣಿಸುವುದರಲ್ಲಿರುತ್ತದೆ.

ಈ ಮಾರ್ಗದರ್ಶಿ ಸಿ–30, ಅಂದರೆ ಎರಡೂ ಬದಿ ಸೇರಿ 30 ನಿಮಿಷದ, ಕ್ಯಾಸೆಟ್‌ನ ಮೂವತ್ತು ಪ್ರತಿಗಳನ್ನು ಲೆಕ್ಕಕ್ಕೆ ಹಿಡಿದು ಬರೆದದ್ದು. ಹಂತಗಳನ್ನು ಕೊಟ್ಟಿರುವ ಅನುಕ್ರಮದಲ್ಲಿಯೇ ಮಾಡಬೇಕು, ಏಕೆಂದರೆ ನಾಲ್ಕನೆಯ ಹಂತದ ಪರೀಕ್ಷೆಯನ್ನು ಮೂರನೆಯದಕ್ಕಿಂತ ಮೊದಲು ಮಾಡಿದರೆ ಅದರ ಉತ್ತರ ಸುಳ್ಳಾಗುತ್ತದೆ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ರೆಕಾರ್ಡಿಂಗ್ ಲೆವೆಲ್ ಅನ್ನು ಕೈಯಿಂದ ತಿರುಗಿಸಬಲ್ಲ ಗುಂಡಿ ಮತ್ತು ಮೀಟರ್ ಇರುವ ಕ್ಯಾಸೆಟ್ ಡೆಕ್ ಬೇಕೇ ಬೇಕು. ಹಳೆಯ ಟೇಪ್ ರೆಕಾರ್ಡರ್‌ಗಳಲ್ಲಿ ಲೆವೆಲ್ ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆ ಇರುತ್ತದೆ. ಅದು ಜೋರಾದ ಭಾಗವನ್ನು ಅದುಮಿ, ನಿಶ್ಶಬ್ದದ ಭಾಗದಲ್ಲಿ ಹಿಸ್ ಸದ್ದನ್ನು ಮೇಲೆತ್ತುತ್ತದೆ. ಆ ಉಬ್ಬರವಿಳಿತ ನಿಮಗೆ ಇಷ್ಟವಿದ್ದರೆ ಮೂಲ ಧ್ವನಿಮುದ್ರಣದಲ್ಲಿ ಬಳಸಿಕೊಳ್ಳಿ, ಪ್ರತಿ ತೆಗೆಯಲು ಬಳಸಬೇಡಿ. ಟೇಪಿನ ಮೇಲೆ ಸದ್ದನ್ನು ಅಳಿಸುವ, ಬರೆಯುವ, ಓದುವ ಭಾಗಕ್ಕೆ ಹೆಡ್ ಎನ್ನುತ್ತಾರೆ. ಮೂರು ಹೆಡ್‌ಗಳ ಡೆಕ್ ಸಿಕ್ಕರೆ ರೆಕಾರ್ಡ್ ಆಗುತ್ತಿರುವಾಗಲೇ ಟೇಪಿನ ಮೇಲಿನದನ್ನು ಕೇಳಬಹುದಾದ್ದರಿಂದ ಅರ್ಧ ಕೆಲಸ ಹಗುರಾಗುತ್ತದೆ.

ಇದರ ಜೊತೆಗೆ ಟೈಪ್ 1, ಅಂದರೆ ಸಾಮಾನ್ಯ ಫೆರಿಕ್ ಲೇಪದ ಖಾಲಿ ಸಿ–30 ಕ್ಯಾಸೆಟ್‌ಗಳು ಮೂವತ್ತಾರು ಬೇಕು. ಆರು ಹೆಚ್ಚುವರಿ ಪರೀಕ್ಷೆಗೆ ಮತ್ತು ಹಾಳಾಗುವುದಕ್ಕೆ. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಕಡ್ಡಿ, ಹೆಡ್‌ಫೋನ್, ಕಂಪ್ಯೂಟರಿನಿಂದ ಡೆಕ್‌ಗೆ ಹೋಗುವ ಮತ್ತು ಡೆಕ್‌ನಿಂದ ಮರಳುವ ಎರಡು ಜೊತೆ ಕೇಬಲ್, ಒಂದು ಸುರುಳಿ ಮಾಸ್ಕಿಂಗ್ ಟೇಪ್, ಒಂದು ನೋಟ್‌ಬುಕ್, ಮತ್ತು ಡೆಕ್ ಅಲ್ಲದ ಇನ್ನೊಂದು ಅಗ್ಗದ ಪ್ಲೇಯರ್ ಇರಲಿ. ಆ ಅಗ್ಗದ ಪ್ಲೇಯರನ್ನು ಬಹಳ ಮಂದಿ ಅನಗತ್ಯವೆಂದು ಬಿಡುತ್ತಾರೆ, ಐದನೆಯ ಹಂತದಲ್ಲಿ ಪೇಚಾಡುತ್ತಾರೆ.

ಬೆಂಗಳೂರಿನವರು ಕೇಬಲ್ಲು, ಬೆಲ್ಟು ಮುಂತಾದವನ್ನು ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ಹಳೆಯ ಡೆಕ್ ಕೊಳ್ಳುವಾಗ ಪ್ಲೇ ಒತ್ತಿ ಹಾಡು ಬಂತೆಂದು ಒಪ್ಪಿಕೊಳ್ಳದೆ, ಕ್ಯಾಸೆಟ್ಟಿನ ಕೊನೆಯ ಭಾಗದಲ್ಲಿ, ಅಂದರೆ ಬಲಗಡೆಯ ಸುರುಳಿ ದಪ್ಪಗಿರುವಾಗ, ಓಡಿಸಿ ನೋಡಬೇಕು. ಬೆಲ್ಟ್ ಸಡಿಲಾಗಿರುವ ಡೆಕ್ ಅಲ್ಲಿ ಎಳೆಯಲಾರದೆ ತಿಣುಕುತ್ತದೆ.

ಹಂತ 1: ಬದಿಗಳ ಅವಧಿಯನ್ನು ನಿಗದಿ ಮಾಡುವುದು

ಸಿ–30ರಲ್ಲಿ ಒಂದು ಬದಿಗೆ 15 ನಿಮಿಷ. ತಯಾರಕರು ಸಾಮಾನ್ಯವಾಗಿ ಕೆಲವು ಸೆಕೆಂಡುಗಳಷ್ಟು ಟೇಪು ಹೆಚ್ಚಿಗೆ ಸುತ್ತಿರುತ್ತಾರೆ, ಆದರೆ ಅದನ್ನು ನಂಬಿ ಕೃತಿಯನ್ನು 15 ನಿಮಿಷ 20 ಸೆಕೆಂಡಿಗೆ ಹಿಗ್ಗಿಸಬಾರದು. ಆರಂಭದಲ್ಲಿ ಲೇಪವಿಲ್ಲದ ಪಾರದರ್ಶಕ ಟೇಪು ಐದಾರು ಸೆಕೆಂಡು ಓಡುತ್ತದೆ. ಅಲ್ಲಿ ಏನೂ ದಾಖಲಾಗುವುದಿಲ್ಲ. ಹಾಗಾಗಿ ಪ್ರತಿ ಬದಿಯ ಕೃತಿಯನ್ನು 14 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿ.

ಸಿ–90 ಬೇಡವೆನ್ನುವುದು ನನ್ನ ಖಚಿತ ಅಭಿಪ್ರಾಯ. ಸಿ–60ರ ಟೇಪು ಸುಮಾರು 16ರಿಂದ 18 ಮೈಕ್ರಾನ್ ದಪ್ಪವಿದ್ದರೆ ಸಿ–90ರದು ಸುಮಾರು 12. ತೆಳುವಾದಷ್ಟೂ ಒಂದು ಸುತ್ತಿನ ಜೋರಾದ ಸದ್ದು ಪಕ್ಕದ ಸುತ್ತಿಗೆ ಅಚ್ಚೊತ್ತುತ್ತದೆ, ಮತ್ತು ಹಠಾತ್ತನೆ ನಿಶ್ಶಬ್ದಕ್ಕೆ ಬೀಳುವ ಕೃತಿಗಳಲ್ಲಿ ಇದು ಎದ್ದು ಕೇಳಿಸುತ್ತದೆ. ಅಲ್ಲದೆ 45 ನಿಮಿಷದ ಬದಿಯನ್ನು ತುಂಬಿಸುವ ಆಸೆಗೆ ಬಿದ್ದು ಕೃತಿಯನ್ನು ಎಳೆದವರೇ ಹೆಚ್ಚು.

ಹಂತ 2: ಮಾಸ್ಟರ್ ಫೈಲ್ ಸಿದ್ಧಪಡಿಸುವುದು

ಎಲ್ಲ ಪ್ರತಿಗಳಿಗೂ ಮೂಲವಾಗುವಂತೆ ಪ್ರತಿ ಬದಿಗೂ ಒಂದೊಂದು ಫೈಲ್ ಮಾಡಿ, ಆರಂಭದಲ್ಲಿ 8 ಸೆಕೆಂಡು ನಿಶ್ಶಬ್ದ ಸೇರಿಸಿ. ಆಗ ಪಾರದರ್ಶಕ ಟೇಪನ್ನು ಪ್ರತಿ ಸಲವೂ ಪೆನ್ಸಿಲಿನಿಂದ ಸುತ್ತಿ ದಾಟಿಸುವ ಶ್ರಮ ತಪ್ಪುತ್ತದೆ ಮತ್ತು ಎಲ್ಲ ಪ್ರತಿಗಳೂ ಒಂದೇ ಜಾಗದಲ್ಲಿ ಆರಂಭವಾಗುತ್ತವೆ.

ಆಮೇಲೆ ಎರಡು ಕಡೆ ಕತ್ತರಿ ಆಡಿಸಬೇಕು. ಮಿಕ್ಸರಿನ ಔಟ್‌ಪುಟ್ಟನ್ನು ಅದರ ಇನ್‌ಪುಟ್ಟಿಗೇ ಕೊಟ್ಟು ಹುಟ್ಟಿಸುವ ಫೀಡ್‌ಬ್ಯಾಕ್ ಸದ್ದುಗಳಲ್ಲಿ ಕಿವಿಗೆ ಕೇಳಿಸದಷ್ಟು ಕೆಳಗಿನ ಕಂಪನಗಳು ಧಾರಾಳವಾಗಿರುತ್ತವೆ. ಅವು ಕೇಳಿಸದಿದ್ದರೂ ಟೇಪಿನ ಸಾಮರ್ಥ್ಯವನ್ನು ತಿಂದುಹಾಕುವುದರಿಂದ 35 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್ ಮಾಡಿ ತೆಗೆಯಿರಿ. ಹಾಗೆಯೇ 15 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ತೆಗೆಯಿರಿ. ಟೈಪ್ 1 ಟೇಪು ಅದನ್ನು ಹೇಗೂ ಸರಿಯಾಗಿ ಹಿಡಿಯಲಾರದು.

ಇಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪೆಂದರೆ, ಹಿಂದಿನ ಪ್ರಯತ್ನ ಮಂಕಾಗಿತ್ತೆಂದು ಫೈಲಿನಲ್ಲೇ ಟ್ರೆಬಲ್, ಅಂದರೆ ಸದ್ದಿನ ತೀಕ್ಷ್ಣವಾದ ಮೇಲಿನ ಭಾಗ, ಏರಿಸಿಕೊಂಡು ಬರುವುದು. ಅದು ಬೆಂಕಿಗೆ ತುಪ್ಪ ಸುರಿದಂತೆ. ಕಾರಣ ನಾಲ್ಕನೆಯ ಹಂತದಲ್ಲಿದೆ.

ಹಂತ 3: ಡೆಕ್ ಶುಚಿಗೊಳಿಸಿ ಹೊಂದಿಸುವುದು

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಚಲಿಸುತ್ತದೆ. ಆ ವೇಗದಲ್ಲಿ 10 ಕಿಲೋಹರ್ಟ್ಸ್‌ನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೆಡ್ಡಿನ ಮೇಲೆ ಕಂದು ಬಣ್ಣದ ಪುಡಿಯ ತೆಳುಪದರ ಕೂತರೂ ಟ್ರೆಬಲ್ ಮಾಯವಾಗುವುದು ಇದೇ ಕಾರಣಕ್ಕೆ.

ಡೆಕ್ ಆಫ್ ಮಾಡಿ, ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಹೆಡ್‌ಗಳನ್ನೂ ಟೇಪನ್ನು ಎಳೆಯುವ ಲೋಹದ ಸಣ್ಣ ಕಂಬವನ್ನೂ ಕಡ್ಡಿ ಬೆಳ್ಳಗೆ ಹೊರಬರುವ ತನಕ ಒರೆಸಿ. ರಬ್ಬರ್ ರೋಲರನ್ನು ಬೇಗನೆ ಒರೆಸಿ ಒಣಗಿಸಬೇಕು, ಏಕೆಂದರೆ ಆಲ್ಕೊಹಾಲ್ ಹೆಚ್ಚು ಹೊತ್ತು ನಿಂತರೆ ರಬ್ಬರ್ ಗಟ್ಟಿಯಾಗುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಮುಂದುವರಿಯಿರಿ.

ಟೇಪಿನ ಹಿಸ್ ತಗ್ಗಿಸುವ ಡಾಲ್ಬಿ ವ್ಯವಸ್ಥೆಯ ಸ್ವಿಚ್ಚನ್ನು ಆಫ್ ಮಾಡಿ. ಡಾಲ್ಬಿ ಬಿ ರೆಕಾರ್ಡ್ ಮಾಡುವಾಗ ಮೆಲುದನಿಯ ಟ್ರೆಬಲ್ಲನ್ನು ಎತ್ತಿ, ನುಡಿಸುವಾಗ ಅಷ್ಟೇ ಪ್ರಮಾಣದಲ್ಲಿ ಇಳಿಸುತ್ತದೆ. ನಿಮ್ಮ ಕೇಳುಗರ ಯಂತ್ರದಲ್ಲಿ ಡಾಲ್ಬಿ ಇಲ್ಲದಿದ್ದರೆ ಅಥವಾ ಅದರ ಮಟ್ಟ ತಪ್ಪಿದ್ದರೆ ಅವರಿಗೆ ಕೇಳಿಸುವುದು ನೀವು ಮಾಡದ ಇನ್ನೊಂದು ಕೃತಿ. ಆದರೆ ಎಚ್‌ಎಕ್ಸ್ ಪ್ರೊ ಎಂಬ ಸ್ವಿಚ್ ಇದ್ದರೆ ಆನ್ ಇರಲಿ. ಅದು ರೆಕಾರ್ಡ್ ಮಾಡುವಾಗ ಮಾತ್ರ ಕೆಲಸ ಮಾಡುತ್ತದೆ, ಟ್ರೆಬಲ್ ಹೆಚ್ಚಾದಾಗ ಬಯಾಸನ್ನು (ಸದ್ದಿನ ಜೊತೆಗೆ ಡೆಕ್ ಟೇಪಿಗೆ ಕೊಡುವ, ಕಿವಿಗೆ ಕೇಳಿಸದ ಸಂಕೇತವನ್ನು) ತಗ್ಗಿಸುತ್ತದೆ, ಕೇಳುಗರ ಯಂತ್ರದಿಂದ ಏನನ್ನೂ ಬೇಡುವುದಿಲ್ಲ. ಎರಡನ್ನೂ ಒಂದೇ ಎಂದು ಭಾವಿಸಿ ಒಟ್ಟಿಗೆ ಆಫ್ ಮಾಡುವವರಿದ್ದಾರೆ.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ, ಏನನ್ನೂ ನುಡಿಸದೆ ಹೆಡ್‌ಫೋನಿನಲ್ಲಿ ಆಲಿಸಿ. ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಚಾರ್ಜರ್ ಸೇರಿಸಿದಾಗ ಬಂದು ಕಿತ್ತಾಗ ಹೋಗುತ್ತಿದ್ದರೆ ಅದು ಅರ್ಥಿಂಗ್ ಸುತ್ತಿನ ದೋಷ. ಇನ್ವರ್ಟರಿನ ವಿದ್ಯುತ್ತಿನಲ್ಲೂ ಇಂಥ ಗುಂಯ್‌ಗುಟ್ಟುವಿಕೆ ಸೇರಿಕೊಳ್ಳಬಹುದಾದ್ದರಿಂದ, ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಂಡ ಹೊತ್ತಿನಲ್ಲಿ ಇಳಿದ ಪ್ರತಿಯನ್ನು ಅನುಮಾನದಿಂದಲೇ ನೋಡಬೇಕು.

ಹಂತ 4: ಲೆವೆಲ್ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನಿಸೋಣ.

ಡೆಕ್ ರೆಕಾರ್ಡ್ ಮಾಡುವಾಗ ಟ್ರೆಬಲ್ಲನ್ನು ತಾನೇ ಒಂದಿಷ್ಟು ಎತ್ತಿ ಟೇಪಿಗೆ ಬರೆಯುತ್ತದೆ. ಹಾಡಿನಲ್ಲಿ, ವಾದ್ಯಗೋಷ್ಠಿಯಲ್ಲಿ ಮೇಲಕ್ಕೆ ಹೋದಂತೆ ಶಕ್ತಿ ಕಡಿಮೆಯಾಗುತ್ತಾ ಹೋಗುವುದರಿಂದ ಹೀಗೆ ಎತ್ತಿದರೂ ಜಾಗ ಉಳಿದಿರುತ್ತದೆ ಎಂಬುದು ಯಂತ್ರವನ್ನು ರೂಪಿಸಿದವರ ಲೆಕ್ಕ. ವೈಟ್ ನಾಯ್ಸ್‌ನಲ್ಲಿ ಪ್ರತಿ ಹರ್ಟ್ಸ್‌ಗೂ ಸಮಾನ ಶಕ್ತಿಯಿರುವುದರಿಂದ ಆ ಲೆಕ್ಕ ಕೆಡುತ್ತದೆ. ಬಹುತೇಕ ಮೀಟರ್‌ಗಳು ಹೀಗೆ ಎತ್ತುವುದಕ್ಕೆ ಮೊದಲಿನ ಮಟ್ಟವನ್ನು ತೋರಿಸುವುದರಿಂದ, ಮುಳ್ಳು ಸೊನ್ನೆಯಲ್ಲಿ ಸಭ್ಯವಾಗಿ ನಿಂತಿದ್ದರೂ ಟೇಪಿನ ಕಾಂತೀಯ ಲೇಪ ಟ್ರೆಬಲ್ ಭಾಗದಲ್ಲಿ ತುಂಬಿ ತುಳುಕಿರುತ್ತದೆ. ಆ ಸ್ಥಿತಿಯಲ್ಲಿ ಇನ್ನಷ್ಟು ಒತ್ತಿದರೆ ಟ್ರೆಬಲ್ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಲೆವೆಲ್ ಏರಿಸಿದಷ್ಟೂ ಮಂಕಾಗುವುದು ಇದರ ಲಕ್ಷಣ.

ಎರಡನೆಯ ಕಾರಣವೂ ಇದೆ. ಹಾಡಿನ ಸರಾಸರಿ ಮಟ್ಟಕ್ಕಿಂತ ಅದರ ಶಿಖರಗಳು ಬಹಳ ಮೇಲಿರುತ್ತವೆ, ಮತ್ತು ಆ ಶಿಖರಗಳು ಕ್ಷಣಮಾತ್ರದವು. ಫ್ರಾನ್ಸಿನ ವೊಮಿರ್ ಎಂಬ ಕಲಾವಿದ ಮಾಡುವಂಥ ಹಾರ್ಶ್ ನಾಯ್ಸ್ ವಾಲ್‌ನಲ್ಲಿ ಸದ್ದು ಮೊದಲಿಂದ ಕೊನೆಯವರೆಗೆ ಗೋಡೆಯಂತೆ ಒಂದೇ ಎತ್ತರದಲ್ಲಿರುತ್ತದೆ. ಹಾಡಿನಲ್ಲಿ ಟೇಪು ಕ್ಷಣಕಾಲ ಸಹಿಸಿಕೊಳ್ಳುವುದನ್ನು ಇಲ್ಲಿ ಹದಿನೈದು ನಿಮಿಷ ಬಿಡುವಿಲ್ಲದೆ ಸಹಿಸಬೇಕಾಗುತ್ತದೆ.

ಪರೀಕ್ಷೆಯ ಕ್ರಮ ಹೀಗಿದೆ.

1. ಹೊಸ ಫೈಲಿನಲ್ಲಿ ಮೊದಲು 400 ಹರ್ಟ್ಸ್‌ನ ಶುದ್ಧ ನಾದವನ್ನು ಮೈನಸ್ 10 ಡೆಸಿಬೆಲ್ ಮಟ್ಟದಲ್ಲಿ ಒಂದು ನಿಮಿಷ ಇಡಿ.

2. ಅದರ ಹಿಂದೆ ನಿಮ್ಮ ಕೃತಿಯ ಅತ್ಯಂತ ಕರ್ಕಶವಾದ 20 ಸೆಕೆಂಡನ್ನು ಐದು ಬಾರಿ ಜೋಡಿಸಿ: ಮೊದಲನೆಯದು ಇದ್ದಂತೆಯೇ, ಉಳಿದವು ಕ್ರಮವಾಗಿ 3, 6, 9, 12 ಡೆಸಿಬೆಲ್ ತಗ್ಗಿಸಿದವು. ನಡುವೆ ಎರಡೆರಡು ಸೆಕೆಂಡು ಬಿಡಿ.

3. ನಾದ ನುಡಿಯುತ್ತಿರುವಾಗ ಡೆಕ್‌ನ ಮೀಟರ್ ಸೊನ್ನೆಗೆ ಬರುವಂತೆ ಗುಂಡಿ ತಿರುಗಿಸಿ, ಗುಂಡಿಯ ಪಕ್ಕದಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಇನ್ನು ಮುಂದೆ ಆ ಗುಂಡಿಯನ್ನು ಮುಟ್ಟುವಂತಿಲ್ಲ. ಕಂಪ್ಯೂಟರಿನ ವಾಲ್ಯೂಮನ್ನೂ ಮುಟ್ಟುವಂತಿಲ್ಲ. ಬದಲಾವಣೆಯೆಲ್ಲ ಫೈಲಿನಲ್ಲೇ ಆಗಬೇಕು.

4. ಪೂರ್ತಿ ಫೈಲನ್ನು ಟೇಪಿಗೆ ಇಳಿಸಿ, ಹಿಂದಕ್ಕೆ ಸುತ್ತಿ, ಟೇಪಿನಿಂದ ಕಂಪ್ಯೂಟರಿಗೆ ಮರಳಿ ತೆಗೆದುಕೊಳ್ಳಿ.

5. ಕಂಪ್ಯೂಟರಿನಲ್ಲಿ ಎರಡನೆಯ ತುಣುಕಿಗೆ 3 ಡೆಸಿಬೆಲ್, ಮೂರನೆಯದಕ್ಕೆ 6, ಹೀಗೆ ತಗ್ಗಿಸಿದ್ದಷ್ಟನ್ನೂ ಮರಳಿ ಸೇರಿಸಿ, ಎಲ್ಲವೂ ಸಮ ಜೋರಾದ ಮೇಲೆ ಮೂಲದೊಂದಿಗೆ ಹೋಲಿಸಿ. ಈ ಸಮೀಕರಣವನ್ನು ಬಿಟ್ಟರೆ ಪರೀಕ್ಷೆಯೇ ವ್ಯರ್ಥ, ಏಕೆಂದರೆ ಜೋರಾಗಿರುವುದು ಕಿವಿಗೆ ಯಾವಾಗಲೂ ಹೆಚ್ಚು ಚುರುಕಾಗಿ ಕೇಳಿಸುತ್ತದೆ.

ಮೂಲದ ಅಂಚು ಉಳಿದಿರುವ ತುಣುಕುಗಳಲ್ಲಿ ಅತಿ ಜೋರಾದುದು ಯಾವುದೋ ಅದೇ ನಿಮ್ಮ ಮಟ್ಟ, ಮಾಸ್ಟರ್ ಫೈಲನ್ನೂ ಅಷ್ಟೇ ಡೆಸಿಬೆಲ್ ತಗ್ಗಿಸಿ. ನನ್ನ ಅನುಭವದಲ್ಲಿ ಟ್ರೆಬಲ್ ತುಂಬಿದ ಕರ್ಕಶ ಕೃತಿಗಳಿಗೆ 6 ಮತ್ತು 9ರ ನಡುವೆ ಎಲ್ಲೋ ಉತ್ತರ ಸಿಗುತ್ತದೆ. ಬಾಸ್ ಪ್ರಧಾನವಾದ ಗುಡುಗಿನಂಥ ಕೃತಿಗಳಿಗೆ 3 ಸಾಕಾಗುತ್ತದೆ. 9 ತಗ್ಗಿಸಿದರೂ ಮಂಕಾಗಿಯೇ ಇದ್ದರೆ 8 ಕಿಲೋಹರ್ಟ್ಸ್‌ನಿಂದ ಮೇಲಿನದನ್ನು ಫೈಲಿನಲ್ಲಿ 3 ಡೆಸಿಬೆಲ್ ಇಳಿಸಿ ಮತ್ತೆ ಪರೀಕ್ಷಿಸಿ. ಕೊಟ್ಟದ್ದು ಕಡಿಮೆಯಾದರೂ ಟೇಪಿನಿಂದ ಮರಳಿ ಬರುವ ಟ್ರೆಬಲ್ ಹೆಚ್ಚಾಗುವುದನ್ನು ನೀವೇ ಕೇಳುವಿರಿ.

ಟೇಪು ತುಂಬಿ ಸಿಡಿಯುವ ಆ ಬಣ್ಣಕ್ಕಾಗಿಯೇ ಕ್ಯಾಸೆಟ್ ಆರಿಸಿಕೊಂಡಿದ್ದೇವೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ವಿಕೃತಿ ಕೃತಿಯಲ್ಲಿರಲಿ, ಪ್ರತಿಯಲ್ಲಿ ಬೇಡ. ಕೃತಿಯನ್ನು ಒಮ್ಮೆ ಟೇಪಿಗೆ ಬೇಕಾದಷ್ಟು ಒತ್ತಿ ಇಳಿಸಿ, ಮರಳಿ ಕಂಪ್ಯೂಟರಿಗೆ ತಂದು, ಅದನ್ನೇ ಮಾಸ್ಟರ್ ಮಾಡಿಕೊಂಡು ಮೇಲಿನ ಪರೀಕ್ಷೆಗೆ ಒಡ್ಡಿ. ಇಲ್ಲದಿದ್ದರೆ ಒಂದೊಂದು ಕ್ಯಾಸೆಟ್ಟಿನ ಲೇಪಕ್ಕೆ ತಕ್ಕಂತೆ ಒಂದೊಂದು ಪ್ರತಿ ಬೇರೆಯಾಗುತ್ತದೆ.

ಎಚ್ಚರಿಕೆ: ಈ ಕೆಲಸವನ್ನೆಲ್ಲ ತಗ್ಗಿದ ವಾಲ್ಯೂಮಿನಲ್ಲಿ ಮಾಡಿ. 85 ಡೆಸಿಬೆಲ್ ಮಟ್ಟದ ಸದ್ದಿಗೆ ದಿನಕ್ಕೆ ಎಂಟು ಗಂಟೆಯೇ ಮಿತಿ ಎಂದು ಔದ್ಯೋಗಿಕ ಸುರಕ್ಷತೆಯ ಶಿಫಾರಸು ಹೇಳುತ್ತದೆ, ನಿಮ್ಮ ಹೆಡ್‌ಫೋನ್ ಸುಲಭವಾಗಿ ಅದನ್ನು ಮೀರುತ್ತದೆ. ಜೋರಾದ, ಎಡೆಬಿಡದ ಟ್ರೆಬಲ್ ಸ್ಪೀಕರಿನೊಳಗೆ ಟ್ರೆಬಲ್ ನುಡಿಸುವ ಟ್ವೀಟರನ್ನು ಸುಡಬಹುದು. ಕಿವಿಯೊಳಗೆ ಕೀಚು ಸದ್ದು ಶುರುವಾದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಲಿ.

ಹಂತ 5: ಬೇರೆ ಯಂತ್ರದಲ್ಲಿ ಕೇಳುವುದು

ನಿಮ್ಮ ಡೆಕ್‌ನ ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದರೆ, ಅದು ಬರೆದದ್ದನ್ನು ಅದೇ ಸರಿಯಾಗಿ ಓದುತ್ತದೆ, ಬೇರೆ ಯಾವ ಯಂತ್ರವೂ ಓದುವುದಿಲ್ಲ. ಮನೆಯಲ್ಲಿ ಚೆನ್ನಾಗಿದ್ದದ್ದು ಕೊಂಡವರ ಬಳಿ ಮಂಕಾಗುವ ದೂರಿನ ಮೂಲ ಇದು. ಪರೀಕ್ಷಾ ಕ್ಯಾಸೆಟ್ಟನ್ನು ಆ ಅಗ್ಗದ ಪ್ಲೇಯರಿನಲ್ಲಿ, ಸಾಧ್ಯವಾದರೆ ಸ್ನೇಹಿತರ ಇನ್ನೊಂದು ಯಂತ್ರದಲ್ಲಿ ಹಾಕಿ ಕೇಳಿ. ಎರಡರಲ್ಲೂ ಮಂಕಾಗಿ, ನಿಮ್ಮ ಡೆಕ್‌ನಲ್ಲಿ ಮಾತ್ರ ಚುರುಕಾಗಿದ್ದರೆ ತಪ್ಪು ನಿಮ್ಮ ಡೆಕ್‌ನದು. ಲೇಬಲ್‌ಗಳು, ಅಂದರೆ ಸಂಗೀತ ಪ್ರಕಟಿಸುವ ಸಂಸ್ಥೆಗಳು, ಹೊರತಂದ ನಾಲ್ಕಾರು ಕ್ಯಾಸೆಟ್‌ಗಳೂ ನಿಮ್ಮ ಡೆಕ್‌ನಲ್ಲಿ ಮಂಕಾಗಿ ಕೇಳಿಸಿದರೆ ಸಂಶಯವೇ ಬೇಡ.

ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಅಂದಾಜಿನಲ್ಲಿ ತಿರುಗಿಸಬೇಡಿ. ಹೆಡ್ಡಿನ ಓರೆ ಅಳೆಯಲೆಂದೇ ಸದ್ದು ಮುದ್ರಿಸಿದ ಕ್ಯಾಸೆಟ್ ಇಟ್ಟುಕೊಂಡಿರುವ ರಿಪೇರಿಯವರಿಂದ ಸರಿಮಾಡಿಸಿ, ಬಳಿಕ ಮೂರನೆಯ ಹಂತದಿಂದ ಮತ್ತೆ ಆರಂಭಿಸಿ.

ಹಂತ 6: ಪ್ರತಿ ಇಳಿಸುವುದು

ಮೂವತ್ತು ಸಿ–30ಗಳಿಗೆ ಒಂದೇ ಡೆಕ್‌ನಲ್ಲಿ ಸಾಮಾನ್ಯ ವೇಗದಲ್ಲಿ 15 ಗಂಟೆ ಬೇಕು, ಎರಡಿದ್ದರೆ ಏಳೂವರೆ. ಜೋಡಿ ಡೆಕ್‌ಗಳ ಹೈಸ್ಪೀಡ್ ಡಬ್ಬಿಂಗ್ ಗುಂಡಿಯನ್ನು ಒತ್ತುವ ಮೋಹಕ್ಕೆ ಬೀಳಬೇಡಿ. ಎರಡು ಪಟ್ಟು ವೇಗದಲ್ಲಿ ಟ್ರೆಬಲ್ ಸೋರುತ್ತದೆ, ಮೇಲಾಗಿ ನೀವು ಪ್ರತಿಯಿಂದ ಪ್ರತಿ ತೆಗೆಯುತ್ತಿರುತ್ತೀರಿ. ಪ್ರತಿಯೊಂದನ್ನೂ ಮಾಸ್ಟರ್ ಫೈಲಿನಿಂದಲೇ ಇಳಿಸಬೇಕು.

ಹೊಸ ಕ್ಯಾಸೆಟ್ಟನ್ನು ಮೊದಲು ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ಸುರುಳಿಯ ಬಿಗಿ ಸಮವಾಗುತ್ತದೆ. ರೆಕಾರ್ಡ್ ಒತ್ತಿ, ಚಕ್ರ ತಿರುಗಿದ್ದನ್ನು ಕಂಡು, ಫೈಲ್ ಆರಂಭಿಸಿ. ಬದಿ ಮುಗಿದ ಮೇಲೆ ಟೇಪಿನ ಕೊನೆಯವರೆಗೂ ನಿಶ್ಶಬ್ದವೇ ದಾಖಲಾಗಲಿ, ನಡುವೆ ನಿಲ್ಲಿಸಬೇಡಿ. ಪ್ರತಿ ಹತ್ತು ಕ್ಯಾಸೆಟ್ಟಿಗೊಮ್ಮೆ ಹೆಡ್ ಒರೆಸಿ. ಕರೆಂಟು ಹೋದರೆ ಆ ಬದಿಯನ್ನು ಮೊದಲಿನಿಂದ ಇಳಿಸಬೇಕೇ ಹೊರತು ನಿಂತಲ್ಲಿಂದ ತೇಪೆ ಹಾಕಬಾರದು.

ಕಂಪ್ಯೂಟರಿನ ಎಲ್ಲ ಸೂಚನಾ ಸದ್ದುಗಳನ್ನೂ ಆರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ನಾನು ಹಿಂದೊಮ್ಮೆ ಮಾಡಿದ ಹನ್ನೆರಡು ಪ್ರತಿಗಳಲ್ಲಿ ಒಂದರ ಎರಡನೆಯ ಬದಿಯಲ್ಲಿ ಮೆಸೇಜು ಬಂದ ಟಿಣ್ ಸದ್ದು ಸೇರಿಹೋಗಿತ್ತು. ಕೊಂಡವರು ಅದನ್ನು ಕೃತಿಯ ಅತ್ಯುತ್ತಮ ಕ್ಷಣವೆಂದು ಬರೆದು ಕಳುಹಿಸಿದರು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಹಳೆಯ ಕ್ಯಾಸೆಟ್‌ಗಳ ಮೇಲೆ ಇಳಿಸುವವರಿಗೆ ಎರಡು ಮಾತು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್ ಊರಿನ ಆರ್‌ಆರ್‌ಆರೆಕಾರ್ಡ್ಸ್ ಲೇಬಲ್ ತನ್ನ 'ರೀಸೈಕಲ್ಡ್ ಮ್ಯೂಸಿಕ್' ಸರಣಿಯನ್ನು ಬಳಸಿದ ಹಾಡಿನ ಕ್ಯಾಸೆಟ್‌ಗಳ ಮೇಲೆಯೇ ಇಳಿಸಿ ಮಾರಿತು. ಹಾಗೆ ಮಾಡಲು ಕ್ಯಾಸೆಟ್ಟಿನ ಬೆನ್ನಿನ ತುದಿಯಲ್ಲಿ, ಮತ್ತೆ ರೆಕಾರ್ಡ್ ಆಗದಿರಲೆಂದು ಮುರಿದ ಪ್ಲಾಸ್ಟಿಕ್ ಚಕ್ಕೆಯ ಜಾಗಕ್ಕೆ ಸೆಲ್ಲೊ ಟೇಪ್ ಅಂಟಿಸಬೇಕು. ಟೈಪ್ 2, ಅಂದರೆ ಕ್ರೋಮ್ ಲೇಪದ ಕ್ಯಾಸೆಟ್‌ಗಳಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಕುಳಿಯಿರುತ್ತದೆ. ಡೆಕ್ ಟೇಪಿನ ಬಗೆಯನ್ನು ಗುರುತಿಸುವುದು ಅದರಿಂದಲೇ, ಅದನ್ನು ಮುಚ್ಚಬಾರದು. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡ ಕ್ಯಾಸೆಟ್ಟನ್ನು ಡೆಕ್ ಒಳಗೆ ಹಾಕಲೇಬೇಡಿ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಪೆಟ್ಟಿಗೆಗಳಲ್ಲಿ ಇಂಥವು ಹೇರಳ, ಮತ್ತು ಆ ಬೂಷ್ಟು ಹೆಡ್ಡಿನ ಮೂಲಕ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಹಂತ 7: ಪ್ರತಿಗಳ ತಪಾಸಣೆ

ಹಾಡಿನ ಪ್ರತಿಯಲ್ಲಿ ದೋಷವಿದ್ದರೆ ಯಾರಿಗಾದರೂ ತಿಳಿಯುತ್ತದೆ. ನಾಯ್ಸ್‌ನಲ್ಲಿ ದೋಷವೂ ಕೃತಿಯ ವೇಷ ಹಾಕಿಕೊಂಡೇ ಬರುತ್ತದೆ. ಆದ್ದರಿಂದ ಇಳಿಸುವ ಮೊದಲೇ ಮಾಸ್ಟರ್ ಫೈಲನ್ನು ಕೇಳಿ ಪ್ರತಿ ಬದಿಗೆ ನಾಲ್ಕೈದು ಹೆಗ್ಗುರುತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ: 4 ನಿಮಿಷ 10 ಸೆಕೆಂಡಿಗೆ ಪೂರ್ಣ ನಿಶ್ಶಬ್ದ, 7 ನಿಮಿಷ 32 ಸೆಕೆಂಡಿಗೆ ಬಲಗಿವಿಯಲ್ಲಿ ಮಾತ್ರ ಸಿಳ್ಳೆ, ಹೀಗೆ. ಪ್ರತಿ ಕ್ಯಾಸೆಟ್ಟಿನಲ್ಲೂ ಆರಂಭ, ನಡು, ಕೊನೆ ಮತ್ತು ಈ ಹೆಗ್ಗುರುತುಗಳನ್ನು ಹೆಡ್‌ಫೋನಿನಲ್ಲಿ ಕೇಳಿ.

ಏಕನಾದದ ಸಿಳ್ಳೆ ತೂಗಾಡುತ್ತಿದ್ದರೆ ಬೆಲ್ಟ್ ಅಥವಾ ರೋಲರ್ ದೋಷ. ಒಂದು ಕಿವಿಯಲ್ಲಿ ಮಾತ್ರ ಟ್ರೆಬಲ್ ಬಂದು ಹೋಗುತ್ತಿದ್ದರೆ ಟೇಪಿನ ಅಂಚು ಮಡಚಿದೆ ಅಥವಾ ಹೆಡ್ ಕೊಳೆಯಾಗಿದೆ. ಕ್ಷಣಕಾಲ ಸದ್ದು ಕುಸಿದು ಮರಳಿದರೆ ಆ ಜಾಗದಲ್ಲಿ ಲೇಪ ಉದುರಿದೆ. ನಿಶ್ಶಬ್ದದ ಜಾಗದಲ್ಲಿ ಹಿಂದಿನ ಹಾಡು ಪಿಸುಗುಟ್ಟಿದರೆ ಅಳಿಸುವ ಹೆಡ್ ಸೋತಿದೆ. ಹತ್ತನೆಯ ಪ್ರತಿಯಿಂದ ಮುಂದೆ ಎಲ್ಲವೂ ಮಂಕಾಗಿದ್ದರೆ ಹತ್ತಿ ಕಡ್ಡಿಯನ್ನು ನೀವು ಮರೆತಿದ್ದೀರಿ.

ಸರಿಯೆನಿಸಿದ ಪ್ರತಿಯ ಬೆನ್ನಿನ ಎರಡೂ ಚಕ್ಕೆಗಳನ್ನು ಮುರಿದುಬಿಡಿ. ತಪಾಸಣೆಗೆ ಮೊದಲು ಮುರಿದರೆ ಮತ್ತೆ ಇಳಿಸಲು ಸೆಲ್ಲೊ ಟೇಪ್ ಹುಡುಕಬೇಕಾಗುತ್ತದೆ.

ಹಂತ 8: ಹೊದಿಕೆ ಮತ್ತು ಚೀಟಿ

ಡಬ್ಬಿಯೊಳಗೆ ಮಡಚಿ ಕೂರಿಸುವ ಹೊದಿಕೆ ಕಾಗದಕ್ಕೆ ಜೆ–ಕಾರ್ಡ್ ಎನ್ನುತ್ತಾರೆ. ಅದರ ಎತ್ತರ ಸುಮಾರು 101 ಮಿ.ಮೀ., ಮುಂಭಾಗದ ಅಗಲ 65, ಬೆನ್ನು 12ರಿಂದ 13, ಒಳಮಡಿಕೆ ಸುಮಾರು 16. ಡಬ್ಬಿಗಳಲ್ಲಿ ಅಲ್ಪ ವ್ಯತ್ಯಾಸವಿರುವುದರಿಂದ ಒಂದನ್ನು ಕತ್ತರಿಸಿ ಕೂರಿಸಿ ನೋಡಿದ ಮೇಲೆಯೇ ಮೂವತ್ತನ್ನೂ ಅಚ್ಚು ಹಾಕಿಸಿ. ಮಡಿಕೆಯ ಗೆರೆಯನ್ನು ಇಂಕಿಲ್ಲದ ಬಾಲ್ ಪೆನ್ನಿನಿಂದ ಮೊದಲು ಒತ್ತಿ ಗುರುತಿಸಿದರೆ ಕಾಗದ ಸೀಳುವುದಿಲ್ಲ. ಮೆರ್ಜ್‌ಬೋ ಹೆಸರಿನಲ್ಲಿ ನಾಯ್ಸ್ ಮಾಡುವ ಜಪಾನಿನ ಮಸಾಮಿ ಅಕಿಟಾ 1980ರ ದಶಕದಲ್ಲಿ ತಮ್ಮ 'ಲೋಯೆಸ್ಟ್ ಮ್ಯೂಸಿಕ್ ಅಂಡ್ ಆರ್ಟ್ಸ್' ಲೇಬಲ್ಲಿನ ಕ್ಯಾಸೆಟ್‌ಗಳಿಗೆ ಜೆರಾಕ್ಸ್ ಕೊಲಾಜುಗಳನ್ನೇ ಬಳಸಿದರು. ಜೆರಾಕ್ಸ್ ಅಂಗಡಿ ನಮಗೂ ಸಾಕು.

ಕ್ಯಾಸೆಟ್ಟಿಗೆ ಅಂಟಿಸುವ ಚೀಟಿ ದಪ್ಪವಾಗಿದ್ದರೆ ಅಥವಾ ಅಂಚು ಎದ್ದಿದ್ದರೆ ಡೆಕ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊದಿಕೆಯಲ್ಲಿ ಬದಿಗಳ ಅವಧಿ, ಟೇಪಿನ ಬಗೆ, ಡಾಲ್ಬಿ ಇಲ್ಲವೆಂಬ ಮಾತು ಮತ್ತು ಪ್ರತಿಯ ಸಂಖ್ಯೆ ಇರಲಿ.

ಹಂತ 9: ಕಳುಹಿಸುವುದು ಮತ್ತು ಕಾಪಿಡುವುದು

ಕ್ಯಾಸೆಟ್ಟನ್ನು ಮೊದಲ ಬದಿಯ ಆರಂಭಕ್ಕೆ ಸುತ್ತಿ, ಗುಳ್ಳೆ ಹಾಳೆಯಲ್ಲಿ ಸುತ್ತಿ, ಗಟ್ಟಿ ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕಿ. ಡಬ್ಬಿಯ ಕೀಲುಗಳು ಬಹಳ ಬೇಗ ಮುರಿಯುತ್ತವೆ. ಮನೆಯಲ್ಲಿ ಉಳಿದವನ್ನು ಸ್ಪೀಕರಿನ ಮೇಲಾಗಲಿ ಪಕ್ಕದಲ್ಲಾಗಲಿ ಇಡಬೇಡಿ. ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಒಂದು ಪ್ರತಿಯನ್ನು ಮಾರದೆ, ಮಾಸ್ಟರ್ ಫೈಲ್ ಮತ್ತು ಲೆವೆಲ್ ಬರೆದ ನೋಟ್‌ಬುಕ್ಕಿನೊಂದಿಗೆ ಎತ್ತಿಡಿ. ಒಂದು ತಿಂಗಳ ಬಳಿಕ ಅದನ್ನು ಹಾಕಿ, ಹಠಾತ್ ನಿಶ್ಶಬ್ದವಿರುವ ಜಾಗಗಳನ್ನು ಆಲಿಸಿ. ಮುಂದೆ ಬರಲಿರುವ ಅಬ್ಬರ ಒಂದೆರಡು ಸೆಕೆಂಡು ಮೊದಲೇ ಕ್ಷೀಣವಾಗಿ ಕೇಳಿಸಿದರೆ ಪಕ್ಕದ ಸುತ್ತು ಅಚ್ಚೊತ್ತಿದೆ ಎಂದರ್ಥ. ಮರುಮುದ್ರಣಕ್ಕೆ ಹೋಗುವ ಮೊದಲು ಮಾಸ್ಟರ್ ಫೈಲಿನಲ್ಲಿ ಆ ಖಾಲಿ ಜಾಗಕ್ಕೆ ತೆಳುವಾದ ಹಿಸ್ ಸದ್ದನ್ನು ತುಂಬಿ.